ಒಂದೇ ಟಿವಿ, ಎರಡು ಕಂಟ್ರೋಲರ್

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೋದ ತಿಂಗಳು ಇದೇ ಮೈಕಿನ ಮುಂದೆ ಡಾಕ್ಟರೊಬ್ಬರು ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡಿದರು. ಅದರ ಹಿಂದಿನ ತಿಂಗಳು ತಾರಸಿ ತೋಟ. ಅಷ್ಟು ಉಪಯೋಗದ ವಿಷಯಗಳ ನಂತರ ವಿಡಿಯೊ ಗೇಮ್ ಬಗ್ಗೆ ಹೇಳಲು ನನಗೆ ಸ್ವಲ್ಪ ಸಂಕೋಚವೇ ಇತ್ತು. ಕಾರ್ಯದರ್ಶಿಯವರು ಬಿಡಲಿಲ್ಲ. “ನೀನು ದಿನಾ ಆಫೀಸಿನಲ್ಲಿ ಏನು ಮಾಡುತ್ತೀ ಅನ್ನುವುದು ನಮಗೆ ಯಾರಿಗೂ ಗೊತ್ತಿಲ್ಲ, ಅದನ್ನೇ ಹೇಳು” ಎಂದರು. ಈಗ ಒಳಗೆ ಬರುವಾಗ ಹಿರಿಯರೊಬ್ಬರು ನನ್ನ ಕೈ ಹಿಡಿದು, “ಆಟಾ ಮಾಡೂದಕ್ಕೂ ಪಗಾರ ಕೊಡ್ತಾರೇನವಾ?” ಎಂದು ಕೇಳಿದರು. ಕೊಡುತ್ತಾರೆ ಅಜ್ಜಿ. ಬೇರೆ ಸಾಫ್ಟ್‌ವೇರ್ ಕಂಪನಿಗಳಿಗಿಂತ ತುಸು ಕಡಿಮೆ, ರಾತ್ರಿ ಕೆಲಸ ಮಾತ್ರ ತುಸು ಹೆಚ್ಚು.

ಧಾರವಾಡದಿಂದ ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಕಳೆದ ಒಂದೂವರೆ ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಈಗಾಗಲೇ ಮಾರಾಟದಲ್ಲಿರುವ ಒಂದು ಆನ್‌ಲೈನ್ ಸಾಹಸದ ಆಟವನ್ನು, ಒಂದೇ ಮನೆಯಲ್ಲಿ ಒಂದೇ ಟಿವಿಯ ಮುಂದೆ ಇಬ್ಬರು ಕೂತು ಆಡುವಂತೆ ಮಾಡುವುದು. ಆಟದ ಹೆಸರು, ಕಂಪನಿಯ ಹೆಸರು ಹೇಳುವಂತಿಲ್ಲ, ಹಾಗೆಂದು ಸಹಿ ಹಾಕಿಕೊಟ್ಟಿದ್ದೇನೆ. ಒಂದು ದ್ವೀಪ, ಅದರ ತುಂಬ ಗುಹೆಗಳು, ಹಾಳು ಕೋಟೆ, ಬೀಗ ಹಾಕಿದ ಬಾಗಿಲುಗಳು ಎಂದಷ್ಟೇ ಇಟ್ಟುಕೊಳ್ಳಿ. ನಾಲ್ಕು ಜನ ಸೇರಿ ಹುಡುಕಾಡಬಹುದು. ಆದರೆ ನಾಲ್ವರಿಗೂ ಬೇರೆ ಬೇರೆ ಯಂತ್ರ ಬೇಕು, ಬೇರೆ ಬೇರೆ ಟಿವಿ ಬೇಕು, ಇಂಟರ್‌ನೆಟ್ ಬೇಕು. ಪುಣೆಯ ಹುಡುಗ ಪೋಲೆಂಡಿನ ಹುಡುಗನ ಜೊತೆ ಆಡಬಹುದಿತ್ತು. ಸೋಫಾದಲ್ಲಿ ಪಕ್ಕಕ್ಕೇ ಕೂತ ತಂಗಿಯ ಜೊತೆ ಆಡಲು ಆಗುತ್ತಿರಲಿಲ್ಲ.

ದುಡ್ಡಿನ ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 2021ರ ಫೆಬ್ರವರಿಯಲ್ಲಿ ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ ಬಂದಾಗ ಡಿಸ್ಕ್ ಹಾಕುವ ಯಂತ್ರದ ಬೆಲೆ 49,990 ರೂಪಾಯಿ. ಅದರ ಜೊತೆ ಬರುವುದು ಒಂದು ಕಂಟ್ರೋಲರ್. ಕಂಟ್ರೋಲರ್ ಎಂದರೆ ಎರಡೂ ಕೈಯಲ್ಲಿ ಹಿಡಿದು ಆಡುವ ಆ ಗುಂಡಿಗಳ ಸಾಧನ. ಇನ್ನೊಂದು ಬೇಕಾದರೆ ಆಗ 5,990. ಒಂದು ಮನೆಯ ಇಬ್ಬರು ಮಕ್ಕಳು ಆನ್‌ಲೈನ್ ಮೂಲಕ ಒಟ್ಟಿಗೆ ಆಡಬೇಕಾದರೆ ಯಂತ್ರಕ್ಕೇ ಒಂದು ಲಕ್ಷ ರೂಪಾಯಿ. ಮೇಲೆ ಎರಡು ಟಿವಿ, ಆಟದ ಎರಡು ಪ್ರತಿ, ಎರಡು ಚಂದಾ. ಒಂದೇ ಟಿವಿಯಲ್ಲಿ ಆಡುವ ಹಾಗಿದ್ದರೆ ಒಂದು ಕಂಟ್ರೋಲರ್ ಹೆಚ್ಚಿಗೆ ಕೊಂಡರೆ ಸಾಕು. ಎರಡು ಯಂತ್ರ ಕೊಳ್ಳುವ ಮನೆ ಎಷ್ಟಿದ್ದಾವು? ಒಂದೇ ಯಂತ್ರವಿರುವ ಮನೆಯಲ್ಲಿ ಅದು ಯಾರದ್ದಾಗುತ್ತದೆ ಎನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಟಿವಿ ಪರದೆಯನ್ನು ಎರಡು ಭಾಗ ಮಾಡಿ, ಒಂದರಲ್ಲಿ ನಿಮ್ಮ ಪಾತ್ರ, ಇನ್ನೊಂದರಲ್ಲಿ ನನ್ನ ಪಾತ್ರ ತೋರಿಸುವುದಕ್ಕೆ ಸ್ಪ್ಲಿಟ್ ಸ್ಕ್ರೀನ್ ಎನ್ನುತ್ತಾರೆ. ಇದು ಹೊಸದೇನೂ ಅಲ್ಲ. 1992ರ ಸೂಪರ್ ಮಾರಿಯೊ ಕಾರ್ಟ್‌ನಲ್ಲಿ ಇಬ್ಬರು ಹೀಗೆ ಗಾಡಿ ಓಡಿಸುತ್ತಿದ್ದರು. 1997ರಲ್ಲಿ ಜೇಮ್ಸ್ ಬಾಂಡ್ ಸಿನಿಮಾದ ಮೇಲೆ ಬಂದ ಗೋಲ್ಡನ್‌ಐ 007ರಲ್ಲಿ ನಾಲ್ವರು. ಆ ಆಟ ಆಡುವ ನಿಂಟೆಂಡೊ 64 ಯಂತ್ರದ ಮುಂಭಾಗದಲ್ಲೇ ನಾಲ್ಕು ಕಂಟ್ರೋಲರ್ ಸಿಕ್ಕಿಸುವ ನಾಲ್ಕು ಕಿಂಡಿಗಳಿದ್ದವು. ಅಷ್ಟರ ಮಟ್ಟಿಗೆ, ನಾಲ್ಕು ಜನ ಒಂದು ಕೋಣೆಯಲ್ಲಿ ಕೂರುತ್ತಾರೆ ಎನ್ನುವ ಊಹೆ ಯಂತ್ರದ ಮೈಯಲ್ಲೇ ಇತ್ತು.

ನಮ್ಮ ವಯಸ್ಸಿನವರಿಗೆ ಕಾಂಟ್ರಾ ನೆನಪಿರಬಹುದು. ಹಳದಿ, ಕಪ್ಪು ಕ್ಯಾಸೆಟ್ ಹಾಕಿ ಆಡುತ್ತಿದ್ದೆವಲ್ಲ, ಅದು. ಅದರಲ್ಲಿ ಪರದೆ ಎರಡಾಗುತ್ತಿರಲಿಲ್ಲ, ಇಬ್ಬರೂ ಒಂದೇ ಚಿತ್ರದೊಳಗೆ ಇರಬೇಕು. ಜಲಪಾತ ಹತ್ತುವ ಹಂತ ಬಂದಾಗ ಅಣ್ಣ ಸರಸರ ಮೇಲೆ ಹೋದರೆ ಪರದೆಯೂ ಅವನ ಜೊತೆ ಮೇಲೆ ಹೋಗುತ್ತಿತ್ತು. ಕೆಳಗೆ ಉಳಿದ ತಂಗಿ ಪರದೆಯ ಅಂಚಿನಿಂದ ಹೊರಗೆ ಬಿದ್ದು ಸಾಯುತ್ತಿದ್ದಳು. ವೈರಿಯ ಗುಂಡು ಬೇಕಾಗಿಯೇ ಇರಲಿಲ್ಲ. ಈ ಜಲಪಾತದ ವಿಷಯ ಮತ್ತೆ ಬರುತ್ತದೆ, ನೆನಪಿಡಿ.

ಆಮೇಲೆ ಇಂಟರ್‌ನೆಟ್ ಬಂತು. 2002ರಲ್ಲಿ ಎಕ್ಸ್‌ಬಾಕ್ಸ್ ಲೈವ್ ಶುರುವಾಯಿತು. ಜೊತೆಗಾರರು ಬೇರೆ ಊರಿನಲ್ಲಿ ಸಿಗತೊಡಗಿದ ಮೇಲೆ ಪಕ್ಕದಲ್ಲಿ ಕೂತವರ ಬಗ್ಗೆ ಕಂಪನಿಗಳ ಆಸಕ್ತಿ ಕಡಿಮೆಯಾಯಿತು. ಹೇಲೊ ಎಂಬ ಹೆಸರಾಂತ ಆಟವನ್ನೇ ನೋಡಿ. 2001ರ ಮೊದಲ ಆಟದಲ್ಲಿ ಇಬ್ಬರು ಒಂದೇ ಟಿವಿಯಲ್ಲಿ ಪೂರ್ತಿ ಕಥೆ ಆಡಬಹುದಿತ್ತು. 2015ರ ಹೇಲೊ 5ರಲ್ಲಿ ಆ ಸೌಲಭ್ಯವನ್ನೇ ತೆಗೆದರು. ಜನ ಬೈದರು. ಮುಂದಿನ ಹೇಲೊ ಇನ್ಫಿನಿಟ್‌ನಲ್ಲಿ ಕೊಡುತ್ತೇವೆ ಎಂದರು, ಆದರೆ 2022ರ ಸೆಪ್ಟೆಂಬರಿನಲ್ಲಿ, ಕಥೆಯ ಭಾಗಕ್ಕೆ ಅದು ಬರುವುದಿಲ್ಲ ಎಂದು ಕೈಬಿಟ್ಟರು. ದೊಡ್ಡ ತಂಡ, ಬೇಕಾದಷ್ಟು ಹಣ ಇದ್ದವರೇ ಕೈಬಿಟ್ಟ ಕೆಲಸ ಇದು. ಎರಡು ಪ್ರತಿ ಮಾರುವ ಕಡೆ ಒಂದೇ ಮಾರಾಟವಾಗುತ್ತದೆ ಎನ್ನುವ ಲೆಕ್ಕವೂ ಇದರ ಹಿಂದೆ ಸ್ವಲ್ಪ ಇದ್ದೇ ಇರುತ್ತದೆ ಎಂದು ನನ್ನ ಅನುಮಾನ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದವರೂ ಇದ್ದಾರೆ. 2021ರಲ್ಲಿ ಬಂದ ಇಟ್ ಟೇಕ್ಸ್ ಟೂ ಎಂಬ ಆಟವನ್ನು ಒಬ್ಬರೇ ಆಡಲು ಸಾಧ್ಯವೇ ಇಲ್ಲ. ಸ್ವೀಡನ್ನಿನ ಹೇಝ್‌ಲೈಟ್ ತಂಡದ್ದು, ನಿರ್ದೇಶಕ ಯೋಸೆಫ್ ಫಾರೆಸ್. ವಿಚ್ಛೇದನಕ್ಕೆ ಹೊರಟ ಗಂಡಹೆಂಡತಿ ಪುಟ್ಟ ಗೊಂಬೆಗಳಾಗಿಬಿಡುತ್ತಾರೆ, ಇಬ್ಬರೂ ಸೇರಿ ದಾರಿ ಹುಡುಕಬೇಕು. ಇಬ್ಬರು ಎರಡು ಊರಿನಲ್ಲಿ ಕೂತು ಆಡಿದರೂ ಪರದೆ ಎರಡಾಗಿಯೇ ಕಾಣುತ್ತದೆ, ಏಕೆಂದರೆ ಇನ್ನೊಬ್ಬರು ಏನು ನೋಡುತ್ತಿದ್ದಾರೆ ಎನ್ನುವುದು ಆ ಆಟಕ್ಕೆ ಮುಖ್ಯ. ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರು ದುಡ್ಡು ಕೊಡದೆ ಸೇರಿಕೊಳ್ಳಬಹುದು. ಆ ವರ್ಷದ ಅತ್ಯುತ್ತಮ ಆಟ ಎಂಬ ಪ್ರಶಸ್ತಿ ಅದಕ್ಕೇ ಬಂತು. ಆದರೆ ಆ ತಂಡ ಮೊದಲ ದಿನದಿಂದಲೇ ಇಬ್ಬರಿಗೆಂದು ಕಟ್ಟಿತ್ತು. ನಮ್ಮದು ಕಟ್ಟಿ ಮುಗಿದ ಮನೆಗೆ ಇನ್ನೊಂದು ಅಡುಗೆಮನೆ ಸೇರಿಸುವ ಕೆಲಸ.

ನಾವು ಬಳಸುವುದು ಅನ್‌ರಿಯಲ್ ಎಂಜಿನ್. ಅದರ ಸೆಟ್ಟಿಂಗ್‌ನಲ್ಲಿ ಸ್ಪ್ಲಿಟ್ ಸ್ಕ್ರೀನ್‌ಗೆ ಒಂದು ಚೌಕವಿದೆ, ಅದರಲ್ಲಿ ಟಿಕ್ ಹಾಕಿ, ಎರಡನೆಯ ಆಟಗಾರನನ್ನು ಸೇರಿಸುವ ನಾಲ್ಕು ಸಾಲು ಬರೆದರೆ ಪರದೆ ಎರಡಾಗುತ್ತದೆ. ಮೊದಲ ದಿನ ಮಧ್ಯಾಹ್ನದ ಊಟದೊಳಗೆ ನಾನು ಅದನ್ನು ಮಾಡಿ ತೋರಿಸಿದೆ. ನಮ್ಮ ಮ್ಯಾನೇಜರ್ ನೋಡಿ, “ಹಾಗಾದರೆ ಮುಗಿಯಿತಲ್ಲ!” ಎಂದರು.

ಆಮೇಲೆ ಆಡಲು ಕೂತೆವು. ಕಂಪ್ಯೂಟರಿನವರು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತಾರೆ. ಯಂತ್ರದ ಮುಂದೆ ಕೂತ ಮೊದಲ ಆಟಗಾರನ ನಂಬರು ಸೊನ್ನೆ, ಎರಡನೆಯವರದು ಒಂದು. ನಮ್ಮ ಆಟ ಆನ್‌ಲೈನ್‌ಗೆಂದೇ ಬರೆದದ್ದಾದ್ದರಿಂದ ಒಂದು ಯಂತ್ರದ ಮುಂದೆ ಒಬ್ಬರೇ ಕೂರುವುದು ಎಂದು ಎಲ್ಲರೂ ಹಿಡಿದಿದ್ದರು. ಹಾಗಾಗಿ ನೂರಾರು ಕಡೆ ‘ಸೊನ್ನೆಯ ಆಟಗಾರನನ್ನು ಕೇಳು’ ಎಂದು ಬರೆದಿತ್ತು. ಬಾಗಿಲ ಮುಂದೆ ಎರಡನೆಯವರು ನಿಂತರೆ ಬಾಗಿಲು ತೆರೆಯುವುದಿಲ್ಲ, ಮೊದಲನೆಯವರು ಬರಬೇಕು. ಎರಡನೆಯವರು ಪೆಟ್ಟಿಗೆ ತೆರೆದರೆ ನಾಣ್ಯ ಮೊದಲನೆಯವರ ಚೀಲಕ್ಕೆ ಹೋಗುತ್ತದೆ. ಎರಡನೆಯವರಿಗೆ ಪೆಟ್ಟು ಬಿದ್ದರೆ ಮೊದಲನೆಯವರ ಅರ್ಧ ಕೆಂಪಾಗುತ್ತದೆ, ಅವರ ಕೈಯಲ್ಲಿನ ಕಂಟ್ರೋಲರ್ ನಡುಗುತ್ತದೆ. ಎರಡನೆಯವರ ಅರ್ಧದಲ್ಲಿ ನಕ್ಷೆಯೇ ಇಲ್ಲ. ಎರಡನೆಯವರು ತಮ್ಮ ಚೀಲ ತೆರೆದರೆ ಅದರ ಚಿತ್ರ ಇಡೀ ಟಿವಿಯನ್ನು ಮುಚ್ಚಿಬಿಡುತ್ತದೆ, ಮೊದಲನೆಯವರು ಏನೂ ಕಾಣದೆ ಹಳ್ಳಕ್ಕೆ ಬೀಳುತ್ತಾರೆ. ಸೇಡು ತೀರಿಸಿಕೊಳ್ಳಲು ಎರಡನೆಯವರಿಗೆ ಇದ್ದ ಒಂದೇ ದಾರಿ ಅದು.

ಯಾರೂ ಬೇಕೆಂದು ಹೀಗೆ ಬರೆದಿರಲಿಲ್ಲ. ಬರೆದವರ ಕಣ್ಣ ಮುಂದೆ ಎರಡನೆಯವರು ಇರಲೇ ಇಲ್ಲ, ಅಷ್ಟೆ. ಮನೆಯ ಲೈಟ್ ಬಿಲ್ ಒಬ್ಬರ ಹೆಸರಿಗೆ ಬರುತ್ತದೆ, ಬೆಳಕು ಮಾತ್ರ ಎಲ್ಲರಿಗೂ ಬೀಳುತ್ತದೆ. ನಮ್ಮ ಆಟದಲ್ಲಿ ಬಿಲ್ ಯಾರ ಹೆಸರಿಗೋ ಬೆಳಕೂ ಅವರೊಬ್ಬರಿಗೇ ಬೀಳುತ್ತಿತ್ತು. ಆ ಸೊನ್ನೆಗಳನ್ನು ಒಂದೊಂದಾಗಿ ಹುಡುಕಿ, ಪ್ರತಿ ಜಾಗದಲ್ಲೂ ‘ಯಾರು ಕೇಳುತ್ತಿದ್ದಾರೋ ಅವರನ್ನು ನೋಡು’ ಎಂದು ತಿದ್ದಲು ನಮ್ಮ ಮೂವರಿಗೆ ಐದು ತಿಂಗಳು ಹಿಡಿಯಿತು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಮುಗಿಯಿತು ಎಂದುಕೊಂಡು ಬೇಯಿಸಿದ ಮೇಲೆ ಹಲ್ಲಿಗೆ ಸಿಗುವ ಕಲ್ಲುಗಳು ಬೇರೆ.

ಚಿತ್ರ ಬಿಡಿಸುವ ಕಷ್ಟ ಇನ್ನೊಂದು ರೀತಿಯದು. ಪರದೆ ಅರ್ಧರ್ಧ ಆಯಿತಲ್ಲ, ಯಂತ್ರಕ್ಕೆ ಕೆಲಸವೂ ಅರ್ಧರ್ಧ ಅಲ್ಲವೇ ಎಂದು ನನ್ನ ಯಜಮಾನರೇ ಕೇಳಿದ್ದರು. ಒಬ್ಬರಿಗೆ ಜೋಳದ ರೊಟ್ಟಿ, ಇನ್ನೊಬ್ಬರಿಗೆ ದೋಸೆ ಬೇಕು ಎಂದಾಗ, ಇಬ್ಬರೂ ಅರ್ಧ ಹೊಟ್ಟೆಯೇ ಉಂಡರೂ ಒಲೆಯ ಮೇಲೆ ಹಂಚು ಎರಡು ಸಲ ಏರಬೇಕಲ್ಲ. ಹಾಗೆಯೇ ಎರಡು ಕಡೆಯಿಂದ ಕಾಣುವ ಮರ, ಕಲ್ಲು, ನೆರಳು ಎಲ್ಲವನ್ನೂ ಯಂತ್ರ ಎರಡು ಸಲ ಲೆಕ್ಕ ಹಾಕಬೇಕು. ಸೆಕೆಂಡಿಗೆ 60 ಚಿತ್ರ ತೋರಿಸುವ ಆಟದಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಎರಡು ಅಡುಗೆ ಆಗಲಿಲ್ಲ. ಇಬ್ಬರು ಆಡುವಾಗ ಸೆಕೆಂಡಿಗೆ 30 ಚಿತ್ರ ಎಂದು ಇಳಿಸಿದೆವು, ದೂರದ ಬೆಟ್ಟಗಳ ಹುಲ್ಲು ತೆಗೆದೆವು. ಹುಲ್ಲಿನ ಬಗ್ಗೆ ಈವರೆಗೆ ಯಾರೂ ಕೇಳಿಲ್ಲ.

ಮೆಮೊರಿಯದೇ ನಿಜವಾದ ತಲೆನೋವು. ಒಬ್ಬರು ಗುಹೆಯಲ್ಲಿ, ಇನ್ನೊಬ್ಬರು ಕೋಟೆಯಲ್ಲಿ ಇದ್ದರೆ ಎರಡೂ ಜಾಗಗಳ ಸಾಮಾನು ಒಂದೇ ಹೊತ್ತಿಗೆ ಯಂತ್ರದ ನೆನಪಿನಲ್ಲಿ ಇರಬೇಕು. ಇದು ಎಷ್ಟು ದೊಡ್ಡ ತೊಡಕು ಎನ್ನುವುದಕ್ಕೆ ಬಾಲ್ಡರ್ಸ್ ಗೇಟ್ 3 ಆಟದ ಕಥೆ ಸಾಕು. ಬೆಲ್ಜಿಯಂನ ಲೇರಿಯನ್ ಕಂಪನಿಯ ಆಟ, 2023ರ ಆಗಸ್ಟಿನಲ್ಲಿ ಕಂಪ್ಯೂಟರಿಗೂ ಸೆಪ್ಟೆಂಬರಿನಲ್ಲಿ ಪ್ಲೇಸ್ಟೇಷನ್ 5ಕ್ಕೂ ಬಂತು. ಎಕ್ಸ್‌ಬಾಕ್ಸ್‌ಗೆ ಬರಲಿಲ್ಲ. ಎಕ್ಸ್‌ಬಾಕ್ಸ್‌ನಲ್ಲಿ ಎರಡು ಯಂತ್ರ, ದುಬಾರಿಯ ಸೀರೀಸ್ ಎಕ್ಸ್‌ನಲ್ಲಿ 16 ಜಿಬಿ ಮೆಮೊರಿ, ಅಗ್ಗದ ಸೀರೀಸ್ ಎಸ್‌ನಲ್ಲಿ 10 ಜಿಬಿ. ಎರಡರಲ್ಲೂ ಒಂದೇ ಸೌಲಭ್ಯಗಳಿರಬೇಕು ಎನ್ನುವುದು ಮೈಕ್ರೋಸಾಫ್ಟ್ ನಿಯಮ. ಅಗ್ಗದ ಯಂತ್ರದಲ್ಲಿ ಸ್ಪ್ಲಿಟ್ ಸ್ಕ್ರೀನ್ ಕೂರಲಿಲ್ಲ. ಅದೊಂದೇ ಕಾರಣಕ್ಕೆ ಇಡೀ ಆಟ ತಡೆದು ನಿಂತಿತ್ತು. ಕೊನೆಗೆ ನಿಯಮ ಸಡಿಲಿಸಿ, ಸೀರೀಸ್ ಎಸ್‌ನಲ್ಲಿ ಆ ಸೌಲಭ್ಯವಿಲ್ಲದೆಯೇ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದರು. ಲೇರಿಯನ್‌ನವರು ಅಲ್ಲಿಗೆ ಬಿಡದೆ 2025ರ ಏಪ್ರಿಲ್‌ನಲ್ಲಿ ಸೀರೀಸ್ ಎಸ್‌ಗೂ ಅದನ್ನು ತಂದರು. ಆ ಸುದ್ದಿ ಬಂದ ದಿನ ನಮ್ಮ ಆಫೀಸಿನಲ್ಲಿ ನಾವು ಮೂವರು ಚಪ್ಪಾಳೆ ತಟ್ಟಿದೆವು. ಉಳಿದವರಿಗೆ ಏಕೆಂದು ಗೊತ್ತಾಗಲಿಲ್ಲ.

ಈಗ ಜಲಪಾತಕ್ಕೆ ಬರೋಣ. ಮೆಮೊರಿ ಉಳಿಸುವ ಸುಲಭದ ದಾರಿ ಎಂದರೆ ಇಬ್ಬರನ್ನೂ ಕಾಣದ ಹಗ್ಗದಿಂದ ಕಟ್ಟುವುದು. ಒಬ್ಬರು ಹೆಚ್ಚು ದೂರ ಹೋದರೆ ಇನ್ನೊಬ್ಬರನ್ನು ಎಳೆದುಕೊಳ್ಳುವುದು. ಇಂಥ ಆಟಗಳಿವೆ. ಬೇರೆ ಉಪಾಯ ಮಾಡಿದವರೂ ಇದ್ದಾರೆ. 2009ರ ಲೆಗೊ ಇಂಡಿಯಾನಾ ಜೋನ್ಸ್ 2ರಲ್ಲಿ ಇಬ್ಬರು ಹತ್ತಿರವಿದ್ದಾಗ ಪರದೆ ಒಂದಾಗಿಯೇ ಇದ್ದು, ದೂರವಾದಾಗ ಮಾತ್ರ ಎರಡಾಗುತ್ತದೆ. ಲೇರಿಯನ್‌ನವರೇ 2014ರಲ್ಲಿ ಮಾಡಿದ ಡಿವಿನಿಟಿ: ಒರಿಜಿನಲ್ ಸಿನ್ ಎಂಬ ಸಾಹಸದ ಆಟ ಮೊದಲು ಆನ್‌ಲೈನ್ ಜೊತೆಯಾಟದ್ದಾಗಿತ್ತು. ಮರುವರ್ಷ ತಿದ್ದಿ ಹೊರತಂದಾಗ ಅದಕ್ಕೂ ಹೀಗೆ ಕೂಡಿ ಬೇರೆಯಾಗುವ ಪರದೆ ಸೇರಿಸಿದರು. ನಮ್ಮಲ್ಲಿ ಹಗ್ಗದ ಪರವಾಗಿ ಬಹಳ ಮಾತು ನಡೆಯಿತು. ಎಳೆಯಬೇಕಾಗಿ ಬಂದರೆ ಯಾರನ್ನು ಯಾರ ಕಡೆಗೆ ಎಳೆಯುವುದು ಎಂದು ನಾನು ಕೇಳಿದೆ. ಎರಡನೆಯವರನ್ನು ಮೊದಲನೆಯವರ ಕಡೆಗೆ ಎಂದು ಎಲ್ಲರೂ ಯೋಚಿಸದೆ ಉತ್ತರ ಕೊಟ್ಟರು. ಕೊಟ್ಟ ಮೇಲೆ ಅವರಿಗೇ ಸ್ವಲ್ಪ ಇರಿಸುಮುರಿಸಾಯಿತು. ಹಗ್ಗ ಬಿಟ್ಟೆವು. ತುಂಬ ದೂರವಾದಾಗ ಇಬ್ಬರ ಕಡೆಯೂ ಚಿತ್ರ ಸಮನಾಗಿ ಒರಟಾಗುತ್ತದೆ, ಯಾರೂ ಯಾರನ್ನೂ ಎಳೆಯುವುದಿಲ್ಲ.

ಸರ್ವರ್ ಕಡೆಯ ಕಷ್ಟ ಸ್ವಲ್ಪದರಲ್ಲಿ ಹೇಳುತ್ತೇನೆ. ಆನ್‌ಲೈನ್ ಆಟದಲ್ಲಿ ಎಲ್ಲರ ಲೆಕ್ಕ ಇಡುವ ದೊಡ್ಡ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ಒಂದು ಮನೆಯಿಂದ ಒಂದು ಸಂಪರ್ಕ ಬಂದರೆ ಒಬ್ಬ ಮನುಷ್ಯ ಬಂದ ಎಂದು ಅದು ಲೆಕ್ಕ ಹಾಕುತ್ತದೆ. ಒಂದೇ ಸಂಪರ್ಕದಲ್ಲಿ ಇಬ್ಬರು ಬರುವ ವ್ಯವಸ್ಥೆ ಎಂಜಿನ್‌ನಲ್ಲಿ ಇದೆ. ಆದರೆ ನಮ್ಮ ಆಟದ ಶಿಸ್ತಿನ ನಿಯಮಗಳಿಗೆ ಅದು ಗೊತ್ತಿರಲಿಲ್ಲ. ಕೆಟ್ಟ ಮಾತಾಡಿದವರನ್ನು ಹೊರಗೆ ಹಾಕುವ ಗುಂಡಿಯೊಂದಿದೆ. ಅಣ್ಣ ಬೈದರೆ ಅಣ್ಣ ತಂಗಿ ಇಬ್ಬರೂ ಹೊರಗೆ. ಇದನ್ನು ಸರಿಪಡಿಸದೆ ಬಿಡುಗಡೆ ಮಾಡುವುದಿಲ್ಲ ಎಂದು ನಮ್ಮ ಟೆಸ್ಟಿಂಗ್ ವಿಭಾಗದ ಹುಡುಗಿ ಹಟ ಹಿಡಿದಳು. ಅವಳಿಗೆ ಮೂವರು ಅಣ್ಣಂದಿರು.

ಈ ಕೆಲಸದಲ್ಲಿ ನಿಜವಾಗಿ ಜಗಳ ಆದದ್ದು ಗೆಸ್ಟ್ ಎಂಬ ಒಂದು ಪದದ ಬಗ್ಗೆ.

ಮೊದಲನೆಯವರು ತಮ್ಮ ಅಕೌಂಟಿನಿಂದ ಒಳಗೆ ಬರುತ್ತಾರೆ. ಅವರು ಎಲ್ಲಿಯವರೆಗೆ ಆಡಿದರು, ಏನು ಗಳಿಸಿದರು ಎನ್ನುವುದೆಲ್ಲ ಅವರ ಹೆಸರಿನಲ್ಲಿ ಉಳಿಯುತ್ತದೆ. ಎರಡನೆಯವರನ್ನು ಗೆಸ್ಟ್ ಎಂದು, ಅಂದರೆ ಅತಿಥಿ ಎಂದು, ಸೇರಿಸಿಕೊಂಡರೆ ಸುಲಭ. ಎರಡನೆಯ ಕಂಟ್ರೋಲರ್ ಒತ್ತಿದ ತಕ್ಷಣ ಒಂದು ಪಾತ್ರ ಬರುತ್ತದೆ. ಕೆಳಗಿಟ್ಟ ತಕ್ಷಣ ಹೋಗುತ್ತದೆ. ಅದರ ಗಳಿಕೆಯೂ ಹೋಗುತ್ತದೆ. ಮರುದಿನ ಮತ್ತೆ ಬರಿಗೈ. ಎಷ್ಟೋ ಆಟಗಳು ಹೀಗೇ ಮಾಡಿವೆ. ದೀಪಾವಳಿಯೊಳಗೆ ಬಿಡುಗಡೆ ಮಾಡಬೇಕು, ಗೆಸ್ಟ್ ಸಾಕು ಎಂದು ಮ್ಯಾನೇಜರ್ ಹೇಳಿದರು. ಎರಡನೆಯವರು ಹೇಗೂ ಸುಮ್ಮನೆ ಜೊತೆಗೆ ಕೂರುವವರು ತಾನೇ, ಎಂದು ಸೇರಿಸಿದರು.

ಆ ಮಾತಿಗೆ ಉತ್ತರ ಕೊಡುವುದರ ಬದಲು ಎರಡು ಮನೆಯವರನ್ನು ಕರೆದು ಆಡಿಸಿ ನೋಡೋಣ ಎಂದೆ. ಇಲ್ಲೇ ಕೂತಿರುವ ಇಬ್ಬರ ಮನೆಯವರು ಬಂದಿದ್ದರು. ಹೆಸರು ಹೇಳುವುದಿಲ್ಲ, ಅವರಿಂದಲೂ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದೆವು. ಮೊದಲ ಮನೆಯಿಂದ ಹನ್ನೆರಡರ ಅಣ್ಣ, ಒಂಬತ್ತರ ತಂಗಿ. ಕಂಟ್ರೋಲರ್ ಎರಡನ್ನೂ ಟೀಪಾಯಿಯ ಮೇಲೆ ಇಟ್ಟಿದ್ದೆವು. ಯಾವುದು ಮೊದಲನೆಯದು ಎಂದು ಅದರ ಮೇಲೆ ಬರೆದಿರಲಿಲ್ಲ, ಆದರೂ ಹುಡುಗ ಅದನ್ನೇ ಎತ್ತಿಕೊಂಡ. ಮೊದಲ ದಿನ ಎರಡು ಗಂಟೆ ಆಡಿದರು. ಹುಡುಗಿ ಗುಹೆಯ ಮೂಲೆಗಳಲ್ಲಿ ಹುಡುಕಿ ಹನ್ನೊಂದು ಶಂಖ ಸೇರಿಸಿದ್ದಳು. ಅಣ್ಣನಿಗೆ ಒಂದೂ ಸಿಕ್ಕಿರಲಿಲ್ಲ. ಮರುದಿನ ಬಂದಾಗ ಅಣ್ಣನ ಸಾಮಾನು ಇತ್ತು, ಶಂಖ ಇರಲಿಲ್ಲ. ಹುಡುಗಿ ಅಳಲಿಲ್ಲ, ಗಲಾಟೆಯನ್ನೂ ಮಾಡಲಿಲ್ಲ. ಕಂಟ್ರೋಲರ್ ಕೆಳಗಿಟ್ಟು, “ನೀ ಆಡು, ನಾ ನೋಡ್ತೀನಿ” ಎಂದಳು. ಗಾಜಿನ ಆಚೆ ನಿಂತು ನೋಡುತ್ತಿದ್ದ ನಮ್ಮ ಮ್ಯಾನೇಜರ್‌ಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವರು ಏನೂ ಮಾತಾಡಲಿಲ್ಲ.

ಬೇರೆಯವರು ಇದನ್ನು ಹೇಗೆ ಮಾಡಿದ್ದಾರೆ ಎಂದು ನೋಡಿದೆವು. ನನಗೆ ತುಂಬ ಇಷ್ಟವಾದದ್ದು ಸ್ಟಾರ್ಡ್ಯೂ ವ್ಯಾಲಿ. ಹೊಲ ಮಾಡುವ, ಹಸು ಸಾಕುವ, ಗಣಿಗೆ ಇಳಿಯುವ ಆಟ. ಎರಿಕ್ ಬರೋನ್ ಎಂಬ ಅಮೆರಿಕದ ಒಬ್ಬನೇ ಮನುಷ್ಯ ಚಿತ್ರ, ಸಂಗೀತ, ಕೋಡ್ ಎಲ್ಲ ತಾನೇ ಮಾಡಿ 2016ರಲ್ಲಿ ಹೊರತಂದ. 2018ರಲ್ಲಿ ಅದಕ್ಕೆ ಆನ್‌ಲೈನ್ ಜೊತೆಯಾಟ ಬಂತು. 2020ರ ಡಿಸೆಂಬರಿನಲ್ಲಿ ಸ್ಪ್ಲಿಟ್ ಸ್ಕ್ರೀನ್ ಸೇರಿತು. ಅಂದರೆ ನಮ್ಮ ಕೆಲಸವನ್ನೇ ಅವರು ಮಾಡಿದ್ದರು. ಅದರಲ್ಲಿ ಎರಡನೆಯವರು ಅತಿಥಿಯಾಗಿ ಬರುವುದಿಲ್ಲ. ಅವರಿಗೆ ಹೊಲದಲ್ಲಿ ಒಂದು ಪುಟ್ಟ ಮನೆ ಕಟ್ಟಿಸಿಕೊಡಬೇಕು, ಆಮೇಲೆಯೇ ಅವರು ಬರುವುದು. ಅವರ ಹೆಸರು, ಅವರ ಚೀಲ, ಅವರ ಕಸುಬು ಎಲ್ಲ ಉಳಿಯುತ್ತವೆ. ದುಡ್ಡು ಕೂಡುಖಾತೆಯೋ ಬೇರೆ ಬೇರೆಯೋ ಎಂದು ಆರಿಸಿಕೊಳ್ಳಬಹುದು, ಅದಕ್ಕೆ ಊರಿನ ಮೇಯರ್ ಮನೆಯಲ್ಲಿ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದಾರೆ. (ನಗಬೇಡಿ, ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಆ ಪುಸ್ತಕ ಇದೆ?) ಒಂದು ಕೊರತೆ ಉಂಟು. ಹೊಲ ಯಾರ ಫೈಲಿನಲ್ಲಿ ಇದೆಯೋ ಅವರು ಆಟ ತೆರೆಯದೆ ಇನ್ನೊಬ್ಬರು ತಮ್ಮ ಪಾತ್ರವನ್ನು ಆ ಹೊಲದಲ್ಲಿ ಆಡುವ ಹಾಗಿಲ್ಲ. ಮನೆ ಇದೆ, ಬೀಗದ ಕೈ ಇನ್ನೊಬ್ಬರ ಹತ್ತಿರ.

ಕೊನೆಗೆ ನಮ್ಮಲ್ಲಿ ಆದ ತೀರ್ಮಾನ ಹೀಗಿದೆ. ಎರಡನೆಯವರಿಗೆ ಸ್ವಂತ ಅಕೌಂಟ್ ಇದ್ದರೆ ಅದರಿಂದಲೇ ಬರಬಹುದು. ಇಲ್ಲದಿದ್ದರೆ ಒಂದು ಹೆಸರು ಕೊಟ್ಟರೆ ಸಾಕು, ಅವರ ಗಳಿಕೆ ಆ ಯಂತ್ರದಲ್ಲೇ ಅವರ ಹೆಸರಿನಲ್ಲಿ ಉಳಿಯುತ್ತದೆ. ಅಣ್ಣ ಮನೆಯಲ್ಲಿ ಇಲ್ಲದಾಗ ತಂಗಿ ಒಬ್ಬಳೇ ಆ ಹೆಸರಿನಿಂದ ಆಡಬಹುದು. ಮುಂದೆ ಅವಳು ಸ್ವಂತ ಅಕೌಂಟ್ ಮಾಡಿಕೊಂಡರೆ ಗಳಿಸಿದ್ದನ್ನೆಲ್ಲ ಅದಕ್ಕೆ ಸಾಗಿಸುವ ಸೌಲಭ್ಯವೂ ಬೇಕು ಎಂದು ಕೇಳಿದ್ದೆ. ಅದು ಸಿಗಲಿಲ್ಲ. ‘ಮುಂದೆ ನೋಡೋಣ’ ಎಂಬ ಪಟ್ಟಿಯಲ್ಲಿ ಅದು ಹದಿನಾಲ್ಕನೆಯ ಸಾಲು. ಪ್ರತಿ ಸೋಮವಾರ ನಾನು ಆ ಪಟ್ಟಿ ತೆರೆದು ನೋಡುತ್ತೇನೆ. ಬಿಡುಗಡೆ ದೀಪಾವಳಿಗೆ ಆಗಲಿಲ್ಲ, ಸಂಕ್ರಾಂತಿಗೆ ಆಯಿತು.

ಎರಡನೆಯ ಮನೆಯಿಂದ ತಾಯಿ, ಮಗಳು, ಅಜ್ಜಿ ಮೂವರೂ ಬಂದಿದ್ದರು. ಅವರಿಂದ ನಾವು ಕಲಿತದ್ದು ಬೇರೆ. ಕಂಟ್ರೋಲರ್‌ನಲ್ಲಿ ಎರಡು ಕಡ್ಡಿಗಳಿವೆ, ಎಡಗಡೆಯದು ನಡೆಯಲು, ಬಲಗಡೆಯದು ಕತ್ತು ತಿರುಗಿಸಿ ನೋಡಲು. ಅಜ್ಜಿ ಬಲಗಡೆಯದನ್ನು ಒತ್ತಿ ಹಿಡಿದು ಅರ್ಧ ಟಿವಿಯ ತುಂಬ ಆಕಾಶವನ್ನೇ ನೋಡುತ್ತ ಕೂತರು, ಚೆನ್ನಾಗಿದೆ ಎಂದರು. ಎರಡನ್ನೂ ಒಟ್ಟಿಗೆ ಆಡಿಸುವುದು ಹೊಸಬರಿಗೆ ಬಹಳ ಕಷ್ಟ. ಹಾಗಾಗಿ ನಡೆದ ಕಡೆಗೆ ನೋಟ ತಾನೇ ತಿರುಗುವ ಒಂದು ವ್ಯವಸ್ಥೆ ಸೇರಿಸಿದೆವು, ಇಬ್ಬರಲ್ಲಿ ಯಾರು ಬೇಕಾದರೂ ಅದನ್ನು ಹಾಕಿಕೊಳ್ಳಬಹುದು. ಅಕ್ಷರ ಕಾಣುವುದಿಲ್ಲ ಎಂದೂ ಅಜ್ಜಿಯೇ ಹೇಳಿದ್ದು. 1920 ಅಗಲ, 1080 ಎತ್ತರದ ಚುಕ್ಕಿಗಳ ಟಿವಿಯನ್ನು ಮೇಲೆ ಕೆಳಗೆ ಕತ್ತರಿಸಿದರೆ ಒಬ್ಬೊಬ್ಬರಿಗೆ ಸಿಗುವುದು 540 ಚುಕ್ಕಿಯ ಎತ್ತರ, ಕಿಟಕಿಯ ಸಂದಿಯಿಂದ ನೋಡಿದ ಹಾಗೆ. ಎಡಬಲ ಕತ್ತರಿಸಿದರೆ 960 ಅಗಲ, 1080 ಎತ್ತರ, ಹೆಚ್ಚು ಕಡಿಮೆ ಚೌಕ. ನಾವು ಎಡಬಲ ಇಟ್ಟೆವು, ಅಕ್ಷರ ದೊಡ್ಡದು ಮಾಡಿದೆವು.

ತಾಯಿ ಕಲಿಸಿದ್ದು ಕುಕ್ಕರಿನ ಪಾಠ. ಆಫೀಸಿನಲ್ಲಿ ಆಡುವಾಗ ಏನೂ ತೊಂದರೆಯಾಗಲಿಲ್ಲ. ಮನೆಗೆ ಒಂದು ಯಂತ್ರ ಕೊಟ್ಟು ಕಳಿಸಿದ ಮೇಲೆ ಮಗಳು ಬರೆದ ಟಿಪ್ಪಣಿ ಹೀಗಿತ್ತು: “ಅಮ್ಮ ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗುತ್ತಾಳೆ. ಕೀಲಿ ಅವಳ ಚೀಲದಲ್ಲೇ ಇರುತ್ತದೆ.” ಕುಕ್ಕರ್ ಕೂಗಿತು, ಹಾಲಿನವನು ಬಂದ, ಊರಿಂದ ಫೋನ್ ಬಂತು. ಆನ್‌ಲೈನ್ ಆಟವಾದ್ದರಿಂದ ಎಲ್ಲರಿಗೂ ತಡೆ ಹಾಕಿ ನಿಲ್ಲಿಸುವಂತಿಲ್ಲ, ಬೇರೆ ಊರಿನವರೂ ಒಳಗೆ ಇರುತ್ತಾರೆ. ಬಿಟ್ಟು ಎದ್ದರೆ ಪಾತ್ರ ಸಾಯುತ್ತದೆ, ಆಟದಿಂದ ತೆಗೆದರೆ ಕೀಲಿಯೂ ಜೊತೆಗೆ ಮಾಯವಾಗಿ ಮಗಳು ಬಾಗಿಲ ಮುಂದೆ ಸಿಕ್ಕಿಹಾಕಿಕೊಳ್ಳುತ್ತಾಳೆ.

ಇದಕ್ಕೆ ಎರಡು ವಾರ ಚರ್ಚೆ ನಡೆಯಿತು. ಎದ್ದುಹೋದವರ ಪಾತ್ರ ಅಲ್ಲೇ ಕೂತು ತೂಕಡಿಸುತ್ತದೆ, ಅದನ್ನು ಯಾವ ಪ್ರಾಣಿಯೂ ಮುಟ್ಟುವುದಿಲ್ಲ ಎಂಬಲ್ಲಿಯವರೆಗೆ ಎಲ್ಲರೂ ಒಪ್ಪಿದರು. ಆದರೆ ಮಲಗಿದವರ ಚೀಲವನ್ನು ಇನ್ನೊಬ್ಬರು ತೆರೆಯಬಹುದೇ? ತೆರೆದರೇನು, ಒಂದೇ ಮನೆಯವರಲ್ಲವೇ ಎಂದು ಹುಡುಗರ ವಾದ. ಶಂಖದ ಹುಡುಗಿ ನನ್ನ ಕಣ್ಣ ಮುಂದೆ ಇದ್ದಳು. ಬಾಗಿಲಿಗೆ ಬೇಕಾದ ಕೀಲಿ ಮಾತ್ರ ಪಕ್ಕದಲ್ಲಿ ನೆಲದ ಮೇಲೆ ಬೀಳಲಿ, ಉಳಿದ ಚೀಲ ಅವರು ಎದ್ದು ಬರುವವರೆಗೆ ಮುಚ್ಚಿಯೇ ಇರಲಿ ಎಂದೆ. ಅದೇ ಆಯಿತು. ಎದ್ದುಹೋದಾಗ ಪರದೆಯನ್ನು ಪೂರ್ತಿ ಒಬ್ಬರಿಗೇ ಕೊಡಬೇಕೇ ಎನ್ನುವುದಕ್ಕೆ ಮಾತ್ರ ನಾನು ತಕರಾರು ಮಾಡಲಿಲ್ಲ. ಕೊಡಲಿ ಬಿಡಿ, ಕುಕ್ಕರ್ ಇಳಿಸಿ ಬಂದು ಒಂದು ಗುಂಡಿ ಒತ್ತಿದರೆ ಅರ್ಧ ವಾಪಸ್ಸು ಬರುತ್ತದೆ. ಬಿಡುಗಡೆಯಾದ ಮೇಲೆ ಆ ತಾಯಿ ಈಗ ಮಗಳು ಶಾಲೆಗೆ ಹೋದ ಮೇಲೆ ಒಬ್ಬರೇ ಆಡುತ್ತಾರಂತೆ. ಮಗಳು ದೂರು ಹೇಳಿದಳು, ಅಮ್ಮ ಮುಂದೆ ಹೋಗಿಬಿಟ್ಟಿದ್ದಾಳೆ ಎಂದು.

ಟೀ ಬಂತು ಎಂದು ಬಾಗಿಲಿನಿಂದ ಸನ್ನೆ ಮಾಡುತ್ತಿದ್ದಾರೆ. ನಮ್ಮ ಆಟವನ್ನು ಇಲ್ಲಿ ತೋರಿಸುವಂತಿಲ್ಲ, ಅದಕ್ಕೇ ಪಕ್ಕದ ಕೋಣೆಯ ಟಿವಿಗೆ ಸ್ಟಾರ್ಡ್ಯೂ ವ್ಯಾಲಿ ಜೋಡಿಸಿಟ್ಟಿದ್ದೇನೆ. ಎರಡು ಕಂಟ್ರೋಲರ್ ಇವೆ, ಎರಡಕ್ಕೂ ಹೊಸ ಬ್ಯಾಟರಿ ಹಾಕಿದ್ದೇನೆ. ಅರವತ್ತು ದಾಟಿದವರಿಗೆ ಮೊದಲ ಪಾಳಿ, ಹೆಸರನ್ನು ಕಾರ್ಯದರ್ಶಿಯವರ ಹತ್ತಿರ ಬರೆಸಿ. ಮಕ್ಕಳು ಆಮೇಲೆ.